ಮಚ್ಚಿ ಹುಲಗಪ್ಪನ ಸಹಿ

ಛಪ್ರಾ, ಬಿಹಾರ
೯ ಫೆಬ್ರುವರಿ ೨೦೨೫

ಅಪ್ಪಾ, ಜೈಭೀಮ್.

ಪತ್ರ ನೋಡಿ ಗಾಬರಿ ಆಗಬ್ಯಾಡ, ಆರಾಮ ಅದೀನಿ. ಫೋನ್ ಹಚ್ಚಿದ್ರ ನೀ "ಹೂಂ, ಆತು, ಆತು" ಅಂದು ಅವ್ವನ ಕೈಗೆ ಕೊಟ್ಟು ಬಿಡ್ತಿ. ಅವ್ವ ಉಂಡ್ಯಾ, ಥಂಡಿ ಐತೇನು, ಅಲ್ಲಿ ಜ್ವಾಳದ ರೊಟ್ಟಿ ಸಿಗತೈತೇನು ಅಂತ ಕೇಳೂದ್ರಾಗ ನನ್ನ ಊಟದ ಹೊತ್ತು ಮುಗೀತೈತಿ. ನಿನ್ನ ಕೂಡ ಆಡೂ ಮಾತೊಂದು ಐತಿ. ಅವ್ವನ ಎದುರಿಗೆ ಆಡೂದಲ್ಲ. ಅದಕ್ಕ ಬರಿಯಾಕತ್ತೇನಿ.

ಹೈದರಾಬಾದಿನ ನಮ್ಮ ಲ್ಯಾಬಿನವರು ನನ್ನ ಇಲ್ಲಿಗೆ ಆರು ತಿಂಗಳ ಮಟ್ಟಿಗೆ ಕಳಿಸ್ಯಾರ ಅಂತ ನಿನಗ ಗೊತ್ತದ. ಯಾತಕ್ಕ ಅಂತ ನೀ ಎಂದೂ ಪೂರಾ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈ ಕಡಿಗೆ ಕಾಲಾ ಅಜಾರ್ ಅಂತ ಒಂದು ಜ್ವರ. ಸೊಳ್ಳಿಗಿಂತ ಸಣ್ಣ ನೊಣ ಕಡದ್ರ ಮೈಯಾಗ ಒಂದು ಹುಳ ಸೇರತೈತಿ, ಕಣ್ಣಿಗೆ ಕಾಣದಷ್ಟು ಸಣ್ಣದು. ಔಷಧ ಕೊಟ್ರ ಜ್ವರ ಹೋಗತೈತಿ. ಆದ್ರ ಕೆಲವರಿಗೆ ಎರಡು ವರ್ಷಕ್ಕೋ ಹತ್ತು ವರ್ಷಕ್ಕೋ ಅದೇ ಹುಳ ಚರ್ಮದಾಗ ಮತ್ತ ಏಳತೈತಿ. ಮುಖ, ಎದಿ, ಬೆನ್ನಿನ ಮ್ಯಾಲ ತಿಳಿ ಬಿಳಿ ಮಚ್ಚಿ. ನೋವಿಲ್ಲ, ತುರಿಕಿ ಇಲ್ಲ. ನೋಡಿದವರೆಲ್ಲಾ ಕುಷ್ಠ ಅಂತಾರ. ಕುಷ್ಠ ಅಲ್ಲ. ಕುಷ್ಠದ ಮಚ್ಚಿಗೆ ಮುಟ್ಟಿದ್ದು ತಿಳಿಯಂಗಿಲ್ಲ, ಇದಕ್ಕ ಬರೋಬ್ಬರಿ ತಿಳೀತೈತಿ.

ಮೊನ್ನೆ ಒಂದು ಹಳ್ಳಿಗೆ ಹೋಗಿದ್ವಿ. ಬಿಗನ್ ಮಾಂಝಿ ಅಂತ ಒಬ್ಬಾಂವ, ಮೂವತ್ತೈದರ ಆಸುಪಾಸು ವಯಸ್ಸು. ಇಲ್ಲಿ ಅವರ ಜಾತಿಯವರ ಕೇರಿ ಊರ ಹೊರಗ, ನಮ್ಮದಿದ್ದಂಗ. ಅವ ಕೇರಿಗಿಂತ ಇನ್ನೂ ಹೊರಗ, ಪಂಪಿನ ಮನಿಯಾಗ ಒಬ್ಬನ ಇರ್ತಾನ. ಅಣ್ಣನ ಮನಿಯವರು ತಾಟು ದೂರ ಇಟ್ಟು ಹೋಗ್ತಾರ. ಹೆಂಡ್ತಿ ಮಗಳನ್ನ ಕರ್ಕೊಂಡು ತವರಿಗೆ ಹೋಗ್ಯಾಳ, ಮೂರು ವರ್ಷಾತು. ನಾ ಕರ್ನಾಟಕದಾಕಿ ಅಂದ ಕೂಡಲೇ ಅವ ಒಳಗ ಹೋಗಿ ಪ್ಲಾಸ್ಟಿಕ್ ಚೀಲದಾಗ ಸುತ್ತಿಟ್ಟಿದ್ದ ಒಂದು ಕಾರ್ಡ್ ತಂದ. "ಇದು ನಿಮ್ಮ ಕಡೀದು. ಇಲ್ಲಿ ಯಾರಿಗೂ ಓದಾಕ ಬರಂಗಿಲ್ಲ. ಏನು ಬರದಾರ ಹೇಳವ್ವ" ಅಂದ.

ಕುಷ್ಠದ ಕಾರ್ಡ್. ಜುಲೈ ೨೦೨೧, ಕಡೇಚೂರು. ಆಗ ಅವ ಅಲ್ಲಿ ಕಂಪನಿ ಕೂಲಿಗೆ ಬಂದಿದ್ನಂತ. "ಬೆನ್ನಿನ ಮ್ಯಾಲ ಆರು ಮಚ್ಚೆ, ಸ್ಪರ್ಶಜ್ಞಾನ ಇಲ್ಲ." ಹನ್ನೆರಡು ತಿಂಗಳ ಗುಳಿಗಿ. ಕೆಳಗ ಸಹಿ. ಆ 'ಹು'ನ ಬಾಲ ಉದ್ದಕ ಎಳದು ಮ್ಯಾಲ ತಿರುಗಿಸಿದ ಸಹಿ ನನ್ನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನ ಮ್ಯಾಲ ಐತಿ.

ನೀ ಮೂವತ್ತೊಂದು ವರ್ಷ ಕುಷ್ಠದ ಸರ್ವೇ ಮಾಡಿದಾಂವ. ನಾ ನಿನಗ ಏನು ಹೇಳಲಿ? ಇಷ್ಟ ಕೇಳ್ತೀನಿ: ಆ ಸಹಿ ನಿಂದೇನು?

ನಿನ್ನ ಮಗಳು,
ಪಂಚಶೀಲಾ


ಗೋಗಿ, ತಾಲೂಕು ಶಹಾಪುರ
೨೬ ಫೆಬ್ರುವರಿ ೨೦೨೫

ಚಿರಂಜೀವಿ ಪಂಚಶೀಲಾಗ ಅಪ್ಪನ ಜೈಭೀಮ್.

ನಿನ್ನ ಪತ್ರ ಬಂದು ಮುಟ್ಟಿತು. ಪೋಸ್ಟಿನ ಮೌನೇಶ್ವರಿ ಕೈಯಾಗ ಹಿಡದು "ಕಾಕಾ, ಮಗಳು ಫೋನ್ ಮುರಕೊಂಡಾಳೇನ್ರಿ" ಅಂತ ನಕ್ಕೋತ ಕೊಟ್ಟು ಹೋದಳು. ನಿಮ್ಮ ಅವ್ವ ಆರಾಮ ಅದಾಳ. ಮೊಣಕಾಲು ನೋವು ಇದ್ದದ್ದ. ತೊಗರಿ ರಾಶಿ ಮುಗೀತು, ಈ ಸಲ ಚೊಲೊ ಬಂದೈತಿ. ಶ್ರೀಮಂತ ಮಾಸ್ತರ ಮಗನ ಮದುವಿ ಶಹಾಪುರದಾಗ ಆತು. ಹೋಗಿದ್ವಿ. ಊಟ ಬರೋಬ್ಬರಿ ಇತ್ತು.

ನೀ ಕೇಳಿದ ಮಾತು. ಯಾದಗಿರಿ ಜಿಲ್ಲಾದಾಗ ಕಣ್ಣು ಮುಚ್ಚಿ ಕಲ್ಲು ಒಗದ್ರ ಯಾವನಾರ ಹುಲಗಪ್ಪಗ ಬಡೀತೈತಿ. ನಮ್ಮ ಇಲಾಖ್ಯಾಗ ಮೂರು ಮಂದಿ ಇದ್ವಿ. ಸುರಪುರದ ಕಡಿಯಾಂವ ಒಬ್ಬ, ಅವನ ಅಕ್ಷರನೂ ನನ್ನಂಗ. ಸಹಿ ಅಂದ್ರ ಏನು, ಎಲ್ಲಾರೂ ಬಾಲ ಎಳೀತಾರ. ಕಡೇಚೂರಿನ ಕಂಪನಿ ಲೇಬರ್ ಮಂದಿಗೆ ಯಾರ್ಯಾರೋ ಹೋಗ್ತಿದ್ರು. ನೆನಪಿಲ್ಲ.

ಮತ್ತ ಒಂದು. ಮಚ್ಚಿ ನೋಡೂದು ಅಂದ್ರ ಹುಡುಗಾಟ ಅಲ್ಲ. ಪುಸ್ತಕ ಓದಿದವರಿಗೆ ಸಲೀಸು ಕಾಣತೈತಿ. ಬಿಸಲಾಗ ಅರವತ್ತು ಮಂದಿ ಲೈನ್ ಹಚ್ಚಿ ನಿಂತಾಗ, ಒಬ್ಬೊಬ್ಬನ ಅಂಗಿ ಎತ್ತಿ ನೋಡಿದವಗ ಗೊತ್ತು. ನನ್ನ ಕಣ್ಣಿಗೆ ಬಿದ್ದ ಮಚ್ಚಿ ತಪ್ಪಿಲ್ಲ ಅಂತ ದೊಡ್ಡ ಡಾಕ್ಟರ್ ಸಾಹೇಬರ ಹೇಳಿದ್ರು. ಸುಮ್ಮ ಮಂದಿ ಮಚ್ಚಿ ಹುಲಗಪ್ಪ ಅಂತಾರೇನು?

ಆ ಹುಳ ಕೊಬ್ಬು ಮಾಡ್ಕೋತೈತಿ ಅಂತ ಅವ್ವಗ ಫೋನಿನ್ಯಾಗ ಹೇಳಿದ್ಯಂತಲ್ಲ, ಅದು ಹ್ಯಾಂಗ? ಕಣ್ಣಿಗೆ ಕಾಣದ್ದಕ್ಕ ಕೊಬ್ಬು ಯಾತಕ್ಕ ಬೇಕು? ತಿಳಿಯುವಂಗ ಬರಿ. ಥಂಡಿಯಾಗ ತಲಿಗೆ ಸ್ಕಾರ್ಫ್ ಕಟ್ಟಿಕೋ.

ನಿನ್ನ ಅಪ್ಪ,
ಹುಲಗಪ್ಪ


ಛಪ್ರಾ
೧೮ ಮಾರ್ಚ್ ೨೦೨೫

ಅಪ್ಪಾ, ಜೈಭೀಮ್.

ನಿನ್ನ ಪತ್ರ ಮೂರು ಸಲ ಓದಿದೆ. ಕೆಳಗ ನಿನ್ನ ಸಹಿ ಐತಿ. ಕಾರ್ಡಿನ ಫೋಟೋದ ಬಾಜೂಕ ಇಟ್ಟು ನೋಡಿದೆ. ಇನ್ನ ನೀ ಏನರ ಅನ್ನು.

ಕೊಬ್ಬಿನ ಮಾತು ಮೊದಲ ಮುಗಸ್ತೀನಿ. ನಮ್ಮ ಮೈ ಸಣ್ಣ ಸಣ್ಣ ಕಣಗಳಿಂದ ಆಗೈತಿ. ಒಂದೊಂದು ಕಣಕ್ಕೂ ತೆಳ್ಳಗ ಗ್ವಾಡಿ ಇರ್ತೈತಿ. ಆ ಗ್ವಾಡಿ ಗಟ್ಟಿ ನಿಂದ್ರಾಕ ಕೊಲೆಸ್ಟ್ರಾಲ್ ಬೇಕು, ಅವ್ವಗ ಡಾಕ್ಟರು ಜಾಸ್ತಿ ಆಗೈತಿ ಅಂದ್ರಲ್ಲ, ಅದ. ಹುಳಕ್ಕೂ ಗ್ವಾಡಿ ಐತಿ. ಆದ್ರ ನಮ್ಮ ಕೊಲೆಸ್ಟ್ರಾಲ್ ಒಂದ ಅದಕ್ಕ ಸಾಲಂಗಿಲ್ಲ. ಊರ ಮಂದಿ ಅಂಗಡಿ ಎಣ್ಣಿ ತಿಂದ್ರ ನಮ್ಮ ಮುತ್ಯಾ ಗಾಣದ ಕುಸುಬಿ ಎಣ್ಣಿನ ಬೇಕು ಅಂತಿದ್ನಲ್ಲ, ಹಂಗ ಇದು. ನಮ್ಮ ಮೈಯಾಗ ಕುಂತು ತನ್ನ ಕೊಬ್ಬು ತಾನ ಮಾಡ್ಕೋತೈತಿ. ಎರ್ಗೋಸ್ಟೆರಾಲ್ ಅಂತಾರ. ಮನಷ್ಯಾನ ಮೈಯಾಗ ಇಲ್ಲದ ಕೊಬ್ಬು. ಅದಕ್ಕ ಔಷಧ ಬರೇ ಅದನ್ನ ಹುಡುಕಿ ಹಿಡೀತೈತಿ, ಗ್ವಾಡಿಗೆ ತೂತು ಹಾಕತೈತಿ, ಹುಳ ಸಾಯತೈತಿ. ನಮ್ಮ ಲ್ಯಾಬಿನ್ಯಾಗ ಆ ಕೊಬ್ಬು ಮಾಡೂ ದಾರಿಯೊಳಗ ಒಂದು ಮೆಟ್ಟಲ ಮುರದ ಹುಳ ಸಾಕೀವಿ. ಸೀಸೆಯಾಗ ತಂಪಿನ್ಯಾಗ ಅದು ಬದುಕತೈತಿ. ಮನಷ್ಯಾನ ಮೈಯಷ್ಟು ಕಾವು ಕೊಟ್ರ ತಡಿಯಂಗಿಲ್ಲ. ಕೊಬ್ಬು ಕೆಟ್ಟ ಹುಳಕ್ಕ ರೋಗ ಹಚ್ಚೂ ತಾಕತ್ತೂ ಕಡಿಮಿ. ಔಷಧಕ್ಕ ಜಗ್ಗದ ಹುಳ ಈ ಮಂದಿ ಚರ್ಮದಾಗ ಯಾವ ಕೊಬ್ಬು ಮಾಡ್ಕೊಂಡು ಉಳದೈತಿ ಅಂತ ನಾ ನೋಡಾಕತ್ತೇನಿ.

ಕುಷ್ಠದ ಗುಳಿಗಿ ಆ ಹುಳಕ್ಕ ಏನೂ ಮಾಡಂಗಿಲ್ಲ ಅಪ್ಪಾ. ಬಿಗನ್ ವರ್ಷ ಪೂರ್ತಿ ತಿಂದಾನ. ಮೈ ಕರ್ರಗಾತು, ಉಚ್ಚಿ ಕೆಂಪಗಾತು, ಮಚ್ಚಿ ಹಂಗ ಉಳದ್ವು. ಆ ಕರಿ ಬಣ್ಣ ನೋಡೇ ಹೆಂಡ್ತಿ ಸುಗಿಯಾ ಮನಿ ಬಿಟ್ಟಾಳ. ನಾವು ತಗೊಂಡ ಚರ್ಮದ ಚೂರಿನ್ಯಾಗ ಕಾಲಾ ಅಜಾರಿನ ಹುಳ ಸಿಕ್ಕೈತಿ. ಈಗ ಖರೇ ಔಷಧ ಶುರು ಮಾಡ್ಯಾರ.

ಆದ್ರ ಊರು ನಂಬವಲ್ದು. "ಡಾಕ್ಟರ ಕುಷ್ಠ ಅಂತ ಬರದಾನ, ನೀವು ಹುಡುಗ್ಯಾರು ಅಲ್ಲ ಅಂತೀರಿ" ಅಂತಾರ. ಅವರ ಮುಖಂಡ ಹೇಳಿದ: ಯಾವ ಕೈ ಬರದೈತೋ ಅದೇ ಕೈ ಅಲ್ಲ ಅಂತ ಬರದು ಕೊಡಲಿ, ಬಿಗನ್ ಮನಿಗೆ ಬರಲಿ, ಸುಗಿಯಾನ್ನ ನಾವ ಕರೆಸ್ತೀವಿ ಅಂತ. ನಿನ್ನಿಂದ ಬೇಕಾದದ್ದು ಆ ಒಂದು ಕಾಗದ.

ನಾನೂ ಸುಳ್ಳ ಹೇಳೀನಿ. ಇದು ಯಾರ ಸಹಿ ಅಂತ ಬಿಗನ್ ಕೇಳಿದಾಗ "ಅಕ್ಷರ ತಿಳಿಯವಲ್ದು" ಅಂದೆ. ಎದುರಿಗೆ ನಿಂತು ಅಂದೆ. ನಿನ್ನ ಮಗಳು ಅನ್ನಾಕ ನನಗ ನಾಚಿಕಿ ಆತು. ಹುಟ್ಟಿದಾಗಿಂದ ಮೊದಲನೇ ಸಲ.

ಸಿಟ್ಟಿನ್ಯಾಗ ಬರದೆ. ಒಂದು ನಗೂ ಮಾತು ಹೇಳಿ ಮುಗಸ್ತೀನಿ. ಇಲ್ಲಿ ಮಂದಿ ಮಾತಿಗೊಮ್ಮೆ "ಬಾ, ಬಾ" ಅಂತಾರ. ಮೊದಲನೇ ದಿನ ಒಬ್ಬ ಮುದುಕಿ "ಬಾ" ಅಂದಾಳ, ನಾ ಎದ್ದು ಆಕಿ ಬಾಜೂಕ ಹೋಗಿ ಕುಂತೆ. ಎಲ್ಲಾರೂ ನಕ್ರು. ಇವರ ಮಾತಿನ್ಯಾಗ "ಬಾ" ಅಂದ್ರ "ಐತಿ" ಅಂತ.

ಪಂಚಶೀಲಾ


ಗೋಗಿ
೨೧ ಏಪ್ರಿಲ್ ೨೦೨೫

ಮಗಳ,

ಸಹಿ ನಂದ. ಬರಿಯಾಕ ಇಷ್ಟು ದಿನ ಹಿಡೀತು. ಪೆನ್ ಹಿಡೀತಿದ್ದೆ, ಬಿಡ್ತಿದ್ದೆ.

ನಿನ್ನ ನಗೂ ಮಾತು ಓದಿದ ಮ್ಯಾಲ ನನಗ ಎಲ್ಲಾ ನೆನಪಾತು. ಅವತ್ತು ಕಡೇಚೂರಿನ ಲೇಬರ್ ಶೆಡ್ಡಿನ್ಯಾಗ ಕ್ಯಾಂಪ್. ತಗಡು ಕಾದು ತಲಿ ಸುಡತಿತ್ತು. ಬಿಹಾರಿ ಮಂದಿ ಲೈನಿಗೆ ನಿಂತಿದ್ರು. ಈ ಬಿಗನನ ಬೆನ್ನಿನ ಮ್ಯಾಲ ಆರು ಮಚ್ಚಿ. ಕಣ್ಣು ಮುಚ್ಚಿಸಿ ಪೆನ್ನಿನ ತುದಿ ಹಚ್ಚಿ "ಮಾಲೂಮ್ ಹೋತಾ, ತಿಳೀತೈತೇನು?" ಅಂದೆ. ಅವ "ಬಾ" ಅಂದ. ಯಾರಿಗೋ ಕರಿಯಾಕತ್ಯಾನ ಅಂತ ತಿಳದೆ. ಮತ್ತ ಹಚ್ಚಿದೆ. ಮತ್ತ "ಬಾ". "ಲೇ ಯಪ್ಪಾ, ದೋಸ್ತನ್ನ ಆಮ್ಯಾಲ ಕರಿ, ನಾ ಕೇಳಿದ್ದಕ್ಕ ಜವಾಬು ಕೊಡು" ಅಂದೆ. ಮತ್ತ ಅದ. ಇವಗ ತಿಳಿಯವಲ್ದು, ಅದಕ್ಕ ಏನೇನೋ ಅಂತಾನ ಅಂತ ಹೇಳಿ "ಸ್ಪರ್ಶಜ್ಞಾನ ಇಲ್ಲ" ಅಂತ ಬರದೆ. ಅವ ಐತಿ ಅಂತಿದ್ದ, ನಾ ಬಾ ಅಂತ ಕೇಳಿದೆ. ಕಾರ್ಡಿಗೆ ನಾನ ಸಹಿ ಮಾಡಿದೆ, ಅದನ್ನ ನೋಡಿ ಡಾಕ್ಟರ್ ಸಾಹೇಬರು ರಿಜಿಸ್ಟರಿನ್ಯಾಗ ಸಹಿ ಹಾಕಿದ್ರು. ಮೂವತ್ತು ವರ್ಷದ ಕಣ್ಣು ಅಂತ ನನ್ನ ಮ್ಯಾಲ ಅವರಿಗೆ ಭರವಸಾ.

ಹೊಸಾ ಹುಡುಗರಿಗೆ ನಾನ ಪಾಠ ಹೇಳ್ತಿದ್ದೆ: ಬಾಯಿ ಕೇಳಬ್ಯಾಡ, ಬಟ್ಟು ಕೇಳು. ಮುಟ್ಟಿದ ಜಾಗಾ ಬಟ್ಟು ಹಚ್ಚಿ ತೋರಸಬೇಕು, ಅದಕ್ಕ ಭಾಷಾ ಬೇಕಾಗಿಲ್ಲ. ಅವತ್ತು ಗಡಬಡಿಯಾಗ ನಾನ ಬಾಯಿ ಕೇಳಿದೆ.

ನಿನಗ ಸುಳ್ಳ ಬರದದ್ದಕ್ಕ ನಾಚಿಕಿ ಆಗೈತಿ. ಕಾಗದ ಇದರ ಜೋಡಿ ಇಟ್ಟೀನಿ. ಶ್ರೀಮಂತ ಮಾಸ್ತರ ಕಡಿಂದ ಹಿಂದಿಯಾಗೂ ಬರಸೀನಿ: ಭಾಷಾ ತಿಳಿಯದ್ದಕ್ಕ ತಪ್ಪಾತು, ಬಿಗನ್ ಮಾಂಝಿಗೆ ಕುಷ್ಠ ಇಲ್ಲ, ಎಂದೂ ಇದ್ದಿದ್ದಿಲ್ಲ. ಬರದಾಂವ ಹುಲಗಪ್ಪ. ಅವನ ಮನಿಯಾಗ ಓದಿ ಹೇಳು.

ಅಪ್ಪ


ಛಪ್ರಾ
೧೬ ಮೇ ೨೦೨೫

ನನ್ನ ಅಪ್ಪಾ,

ನೀ ಇಲ್ಲಿ ಇರಬೇಕಿತ್ತು! ಬೇವಿನ ಗಿಡದ ಕೆಳಗ ಇಡೀ ಕೇರಿ ಕೂಡಿತ್ತು. ನಿನ್ನ ಕಾಗದ ಮುಖಂಡನ ಮಗಳು ಓದಿದಳು. "ಬಾ"ದ ಕಥಿ ನಾ ಹೇಳಿದೆ. ನಿನ್ನಂಗ ಸಿಟ್ಟು ಮಾಡಿ "ಲೇ ಯಪ್ಪಾ, ದೋಸ್ತನ್ನ ಆಮ್ಯಾಲ ಕರಿ" ಅಂತ ಅಂದೂ ತೋರಿಸಿದೆ. ಮಂದಿ ಬಿದ್ದು ಬಿದ್ದು ನಕ್ರು. ಬಿಗನ್ ಸೈತ ನಕ್ಕ. ಅವ ನಕ್ಕಿದ್ದು ನಾ ನೋಡಿದ್ದ ಇದ ಮೊದಲು. ಒಬ್ಬ ಮುದುಕ "ಒಂದು ಅಕ್ಷರ ಮನಷ್ಯಾನ್ನ ಮೂರು ವರ್ಷ ಊರ ಹೊರಗ ಇಟ್ಟಿತಲ್ಲೋ" ಅಂದ. ಅಣ್ಣನ ಹೆಂಡ್ತಿ ಎದ್ದು ಹೋಗಿ ತಾಟಿನ್ಯಾಗ ಅನ್ನ ಹಾಕಿ ತಂದು ಎಲ್ಲಾರ ನಡುವ ಬಿಗನ್ ಕೈಯಾಗ ಕೊಟ್ಟಳು. ಆಕಿ ಕೈ ಅವನ ಕೈಗೆ ಹತ್ತಿತು.

ಅವತ್ತ ನಾ ಎಲ್ಲಾರ ಎದುರಿಗೆ ಹೇಳಿದೆ, ಈ ಹುಲಗಪ್ಪ ನಮ್ಮ ಅಪ್ಪ ಅಂತ. ಬಿಗನ್ ಸಿಟ್ಟಾಗಲಿಲ್ಲ. ಏನಂದ ಗೊತ್ತೈತೇನು? "ಆ ಸಾಹೇಬರು ಭಾಳ ಒಳ್ಳೇವರು. ರೂಮಿನ ಮಾಲಕ ಜಮಾಲಸಾಬ ನನ್ನ ಗಂಟು ಹೊರಗ ಇಟ್ಟ ದಿನ ಅವರ ನನಗ ಚಹಾ ಕುಡಿಸಿದ್ರು. ಯಾರೂ ಮುಟ್ಟದಾಗ ಪ್ರತಿ ತಿಂಗಳು ಕೈ ಹಿಡದು ನೋಡ್ತಿದ್ರು" ಅಂದ. ಸುಗಿಯಾಗ ಫೋನ್ ಮಾಡ್ಯಾರ. ಮುಂದಿನ ವಾರ ಮಗಳ ಜೋಡಿ ಬರ್ತಾಳಂತ. ನಿನಗ ಕೊಡು ಅಂತ ಬಿಗನ್ ಎರಡು ಕಿಲೋ ಸತ್ತು, ಅಂದ್ರ ಹುರದ ಕಡ್ಲಿ ಹಿಟ್ಟು, ಕಟ್ಟಿ ಕೊಟ್ಟಾನ. ಪಾರ್ಸಲ್ ಮಾಡೀನಿ. ನೀರು, ಉಪ್ಪು, ಉಳ್ಳಾಗಡ್ಡಿ ಹಾಕಿ ಕಲಸಿ ತಿನ್ನಬೇಕು.

ಮಾರ್ಚ್ ತಿಂಗಳಾಗ ನಾ ಹಂಗ ಬರೀಬಾರದಿತ್ತು. ತಪ್ಪು ಯಾರಿಗೆ ಆಗಂಗಿಲ್ಲ? ನಿವೃತ್ತಿ ಆದ ಮ್ಯಾಲ ಯಾರ ಅಂಜಿಕಿ ಇಲ್ಲದಿದ್ರೂ ಬರದು ಕೊಟ್ಟಿ. ಎಷ್ಟು ಮಂದಿ ಕೊಡ್ತಾರ? ನಿನ್ನ ಮಗಳು ಅನ್ನಾಕ ನನಗ ಈಗ ಎದಿ ಉಬ್ಬತೈತಿ. ಅವ್ವಗೂ ಫೋನ್ ಮಾಡಿ ಎಲ್ಲಾ ಹೇಳೀನಿ, ಆಕಿನೂ ನಗಾಕತ್ತಿದ್ಲು.

ನಿನ್ನ ಪಂಚಶೀಲಾ


ಗೋಗಿ
೧೦ ಜೂನ್ ೨೦೨೫

ಪಂಚಶೀಲಾ,

ಪಾರ್ಸಲ್ ಬಂತು. ನಿಮ್ಮ ಅವ್ವ ಕಲಸಿ ಕೊಟ್ಟಳು. ಒಂದು ತುತ್ತು ಬಾಯಾಗ ಇಟ್ಟುಕೊಂಡೆ, ನುಂಗಾಕ ಆಗಲಿಲ್ಲ. ಹಿತ್ತಲಕ್ಕ ಹೋಗಿ ಉಗುಳಿ ಬಂದೆ.

"ಬಾ" ಅಂದದ್ದು ಖರೇ. ನಾ ತಪ್ಪು ತಿಳದದ್ದೂ ಖರೇ. ಆದ್ರ ಅದು ಮೊದಲನೇ ದಿನದ ಮಾತು. ನಿನ್ನ ಕಥಿ ನನಗ ಆಸರ ಆತು, ಅದರ ಹಿಂದ ಅಡಗಿ ಕುಂತೆ. ನೀವೆಲ್ಲಾ ನಕ್ರಿ. ನೀ ಎದಿ ಉಬ್ಬತೈತಿ ಅಂತ ಬರದಿ. ಆ ಸಾಲು ಓದಿದ ದಿನದಿಂದ ಕನ್ನಡಿಯಾಗ ಮಾರಿ ನೋಡ್ಕೊಂಡಿಲ್ಲ, ಗಡ್ಡ ಬಿಟ್ಟೀನಿ. ನಿನ್ನ ಸೀಸೆಯ ಹುಳದಂಗ ನನ್ನ ಸುಳ್ಳ ಕಾಗದದ ಮ್ಯಾಲ ಬದುಕಿತ್ತು, ಆ ಮನಷ್ಯಾ ಕಟ್ಟಿ ಕೊಟ್ಟ ಹಿಟ್ಟಿನ ಮುಂದ ಬದುಕಲಿಲ್ಲ.

ಮೂರನೇ ತಿಂಗಳು, ಸೆಪ್ಟೆಂಬರ್. ಗುಳಿಗಿ ಪಟ್ಟಿ ಕೊಡಾಕ ಕಡೇಚೂರಿಗೆ ಹೋಗಿದ್ದೆ. ಬಿಗನ್ ಅಂಗಿ ಬಿಚ್ಚಿ ನನಗ ಬೆನ್ನು ಮಾಡಿ ನಿಂತಿದ್ದ. ಒಂದು ಕೆಂಪಿರುವಿ ಹೆಗಲ ಮ್ಯಾಲಿಂದ ಇಳದು ದೊಡ್ಡ ಮಚ್ಚಿಯ ನಡುವ ಬಂತು. ಅವ ನೋಡದ, ಕೈ ಹಿಂದ ತಂದು ಬರೋಬ್ಬರಿ ಅದನ್ನ ಚಿಮ್ಮಿದ. ಪೆನ್ ತಗದು, ಕಣ್ಣು ಮುಚ್ಚಿಸಿ, ಈ ಸಲ ಬಟ್ಟು ಕೇಳಿದೆ. ಐದು ಸಲ ಮುಟ್ಟಿದೆ, ಐದೂ ಸಲ ತೋರಿಸಿದ. ಒಂದು ಕೂದಲೆಳಿಯಷ್ಟೂ ತಪ್ಪಲಿಲ್ಲ.

ಅವ ತಿರುಗಿ ನನ್ನ ಮಾರಿ ನೋಡಿದ. "ಠೀಕ್ ಬಾ?" ಅಂದ. ನಾ "ಗುಳಿಗಿ ಬಿಡಬ್ಯಾಡ" ಅಂದು ಪಟ್ಟಿ ಕೈಯಾಗ ಇಟ್ಟೆ.

ಯಾಕ ಅಂತ ಕೇಳ್ತಿ. ಆ ಕ್ಯಾಂಪಿನ್ಯಾಗ ನಾ ಹನ್ನೊಂದು ಹೊಸಾ ರೋಗಿ ಹುಡುಕಿದ್ದೆ. ಸನ್ಮಾನಕ್ಕ ನನ್ನ ಹೆಸರು ಮ್ಯಾಲಿನವರಿಗೆ ಹೋಗಿತ್ತು. ಜನವರಿಯಾಗ ಶಾಲು ಹಾಕ್ತೀವಿ ಅಂದಿದ್ರು. ಒಂದು ಹೆಸರು ಹೊಡದು ಹಾಕಿದ್ರ ಉಳದ ಹತ್ತೂ ಮತ್ತ ನೋಡ್ತಾರ. ನಿವೃತ್ತಿಗೆ ಎರಡು ವರ್ಷ ಇತ್ತು. ಮಚ್ಚಿ ಹುಲಗಪ್ಪನ ಕಣ್ಣು ತಪ್ಪಿತು ಅಂತ ಮಂದಿ ಅಂತಾರ ಅಂತ ಅಂಜಿದೆ. ಇಷ್ಟ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ. ಶಾಲು ಹಾಕಿಸಿಕೊಂಡ ದಿನ ಅವ ಏಳನೇ ತಿಂಗಳ ಗುಳಿಗಿ ತಿನ್ನಾಕತ್ತಿದ್ದ, ನನಗ ಗೊತ್ತಿತ್ತು. ಚಹಾ ಕುಡಿಸಿದೆ ಅಂದಾನಲ್ಲ, ಅದು ಒಳ್ಳೇತನ ಅಲ್ಲ, ನನ್ನ ತಪ್ಪು ನನಗ ಗೊತ್ತಿದ್ದದ್ದಕ್ಕ ಕುಡಿಸಿದ್ದು. ಜಮಾಲಸಾಬ ಗಂಟು ಹೊರಗ ಇಟ್ಟಾಗ ನಾ ಒಂದು ಮಾತು ಅಂದಿದ್ರ ಸಾಕಿತ್ತು.

ನಮ್ಮ ಅಪ್ಪಗ ಗೋಗಿಯ ಹೋಟ್ಲಿನ್ಯಾಗ ಮ್ಯಾಲಿಂದ ನೀರು ಹೊಯ್ತಿದ್ರು. ನಾ ಬಾಜೂಕ ನಿಂತು ಬೊಗಸಿ ಹಿಡೀತಿದ್ದೆ. ಮುಟ್ಟಿಸಿಕೊಳ್ಳದವರ ಮನಿಯಾಗ ಹುಟ್ಟಿ, ಬಾಬಾಸಾಹೇಬರ ಫೋಟೋದ ಕೆಳಗ ಉಂಡು, ನಾ ಇನ್ನೊಬ್ಬನ್ನ ಯಾರೂ ಮುಟ್ಟದಂಗ ಮಾಡಿದೆ. ತಿಳದು ತಿಳದು ಮಾಡಿದೆ.

ಶಾಲಿನ ಫೋಟೋ ಗ್ವಾಡಿಯಿಂದ ಇಳಸಿದೆ. ನಿಮ್ಮ ಅವ್ವ ಯಾಕ ಅಂದಳು. ಎಲ್ಲಾ ಹೇಳಿದೆ. ಬೈಲಿಲ್ಲ. ಹಿಟ್ಟಿನ ಕೈ ತೊಳಕೊಂಡು ಹೊರಗ ಕಟ್ಟಿ ಮ್ಯಾಲ ಹೋಗಿ ಕುಂತಳು. ಅವತ್ತ ಮನಿಯಾಗ ರೊಟ್ಟಿ ಆಗಲಿಲ್ಲ. ಮರುದಿನ ನಾ ಯಾದಗಿರಿಗೆ ಹೋಗಿ ಈಗಿನ ಡಾಕ್ಟರ್ ಮುಂದ ಕುಂತು ಹೇಳಿದೆ. ಆ ಹನ್ನೊಂದು ಮಂದಿಯನ್ನ ಮತ್ತ ನೋಡ್ರಿ ಅಂದೆ. ಇನ್ನೂ ಇಬ್ಬರು ಬಿಹಾರದವರು ಇದ್ರು, ಅವರ ಪತ್ತೆ ಇಲ್ಲ. ಕಡೇಚೂರಿಗೆ ಹೋಗಿ ಜಮಾಲಸಾಬಗೂ ಹೇಳಿದೆ. "ನೀವ ಕುಷ್ಠ ಅಂದ್ರಿ ಅಂತ ಹೊರಗ ಹಾಕಿದ್ನಲ್ರೀ" ಅಂದ ಅವ.

ಕೆಳಗ ಬರದದ್ದು ಬಿಗನಗ. ಅವನ ಮಾತಿನ್ಯಾಗ ಓದಿ ಹೇಳು. ನನ್ನ ಇಜ್ಜತ್ತಿಗೆ ಅಂತ ಒಂದಕ್ಷರ ಬಿಡಬ್ಯಾಡ, ನಿನ್ನ ಇಜ್ಜತ್ತಿಗೂ ಬಿಡಬ್ಯಾಡ.

"ಬಿಗನ್ ಮಾಂಝಿಯವರಿಗೆ. ನಿಮ್ಮ ಊರಾಗ ಓದಿಸಿದ ಕಾಗದ ಅರ್ಧಾ ಖರೇ. ಭಾಷಾ ತಿಳಿಯದ್ದಕ್ಕ ತಪ್ಪಾದದ್ದು ಒಂದ ದಿನ. ಮೂರನೇ ತಿಂಗಳು ನಾ ನಿಮ್ಮನ್ನ ಮುಟ್ಟಿ ನೋಡಿದಾಗ ನಿಮಗ ತಿಳೀತಿತ್ತು, ತಿಳೀತೈತಿ ಅಂತ ನನಗೂ ಗೊತ್ತಿತ್ತು. ಗೊತ್ತಿದ್ದೂ ಒಂಬತ್ತು ತಿಂಗಳು ಗುಳಿಗಿ ತಿನಿಸಿದೆ. ನನ್ನ ಹೆಸರು ಕೆಡಬಾರದು ಅಂತ ನಿಮ್ಮ ಬಾಳು ಕೆಡಿಸಿದೆ. ನೀವು ಕೊಟ್ಟ ಹಿಟ್ಟು ತಿನ್ನೂ ಯೋಗ್ಯತಾ ನನಗ ಇಲ್ಲ. ಹುಲಗಪ್ಪ."

ನೀ ಮತ್ತ ನಾಚಿಕಿ ಪಟ್ರ ಪಡು. ಅದು ನಿನ್ನ ಹಕ್ಕು.

ಅಪ್ಪ


ಛಪ್ರಾ
೬ ಜುಲೈ ೨೦೨೫

ಅಪ್ಪಾ,

ಪತ್ರ ಹನ್ನೆರಡು ದಿನ ನನ್ನ ಬ್ಯಾಗಿನ್ಯಾಗ ಇತ್ತು. ಬಿಗನಗ ಓದಿ ಹೇಳಬಾರದು ಅಂತ ಅನಿಸಿತ್ತು. ಸುಗಿಯಾ ಬಂದಾಳ, ಮಗಳು ಅಪ್ಪನ ಬೆನ್ನು ಹತ್ತಿ ತಿರಗತೈತಿ, ಬೆನ್ನಿನ ಮಚ್ಚಿ ಮಾಸಾಕತ್ಯಾವು. ಈಗ ಯಾತಕ್ಕ ಇದು, ಯಾರಿಗೆ ಬೇಕಾಗೈತಿ ಅಂತ ಅಂದ್ಕೊಂಡೆ. ಖರೇ ಹೇಳಬೇಕಂದ್ರ ನಾ ಅವರನ್ನ ಕಾಯಾಕ ಅಂತ ಅಲ್ಲ, ನನ್ನ ಮಾರಿ ಕಾಯಾಕ ಅಂತ ಇಟ್ಟುಕೊಂಡಿದ್ದೆ.

ನಿನ್ನೆ ಹೋದೆ. ಬಿಗನ್, ಸುಗಿಯಾ ಇಬ್ಬರನ್ನ ಕುಂಡ್ರಿಸಿ ಓದಿದೆ. ಬಿಗನ್ ಒಂದು ಸಾಲು ಮತ್ತ ಓದು ಅಂದ. "ನಿಮಗ ತಿಳೀತಿತ್ತು, ನನಗೂ ಗೊತ್ತಿತ್ತು." ಓದಿದೆ. ಮತ್ತ ಅಂದ. ಮೂರು ಸಲ ಓದಿಸಿದ.

ಆಮ್ಯಾಲ ಅಂಗಿ ಬಿಚ್ಚಿ ಎಡಗಡಿ ಪಕ್ಕಡಿ ತೋರಿಸಿದ. ಅಲ್ಲಿ ಒಂದು ಮಚ್ಚಿ ಐತಿ, ಅದರಾಗ ಬೀಡಿ ತುದಿಯಷ್ಟು ಅಗಲದ ಏಳು ಕಲಿ. ಫೆಬ್ರುವರಿಯಾಗ ಅವನ್ನ ನಾ ನೋಡೀನಿ, ಫಾರ್ಮಿನ್ಯಾಗ "ಹಳೇ ಗಾಯ" ಅಂತ ಬರದೀನಿ. ಯಾತರ ಗಾಯ ಅಂತ ಕೇಳಿಲ್ಲ. ನಾನೂ ನಿನ್ನ ಮಗಳ.

ಗುಳಿಗಿ ತಿನ್ನೂ ವರ್ಷ ಅವನ ತನ್ನ ಕೈಲೆ ಬೀಡಿ ಹಚ್ಚಿ ಸುಟ್ಟುಕೊಂಡಾನ. ತಿಂಗಳಿಗೆ ಒಂದರಂಗ ಏಳು ತಿಂಗಳು. ಡಾಕ್ಟರ್ ಸಾಹೇಬರು (ಅವನ ಲೆಕ್ಕಕ್ಕ ನೀನ ಡಾಕ್ಟರ್) ಚರ್ಮ ಸತ್ತೈತಿ ಅಂತ ಬರದಾರ, ಸತ್ತೈತೋ ಇಲ್ಲೋ ನೋಡೂಣು ಅಂತ. "ಪ್ರತಿ ಸಲ ಉರೀತಿತ್ತವ್ವ. ಕಣ್ಣಾಗ ನೀರು ಬರ್ತಿತ್ತು. ಆದ್ರ ಅಷ್ಟು ದೊಡ್ಡವರು ಮುಟ್ಟಿ ನೋಡಿ ಗುಳಿಗಿ ಬಿಡಬ್ಯಾಡ ಅಂದ್ರು. ಓದಿದವರ ಮಾತು ಸುಳ್ಳಾಗತೈತೇನು? ಉರದಂಗ ಆಗೂದು ನನ್ನ ಭ್ರಮಾ ಅಂತ ತಿಳದೆ. ಸುಗಿಯಾ ಕೇಳಿದಾಗ ನನಗ ಏನೂ ತಿಳಿಯಂಗಿಲ್ಲ ಅಂತ ನಾನ ಹೇಳಿದೆ" ಅಂದ. ಅದಕ್ಕ ಆಕಿ ಹೋದದ್ದು ಅಪ್ಪಾ. ಕರಿ ಬಣ್ಣಕ್ಕ ಅಲ್ಲ.

ಆಮ್ಯಾಲ ಸಣ್ಣ ಹುಡುಗನಂಗ ಕೇಳಿದ: "ಹಂಗಾರ ಉರದದ್ದು ಖರೇ ಇತ್ತೇನು?"

ಖರೇ ಇತ್ತು ಅಂದೆ. ಅವ ಅತ್ತ. ಸುಗಿಯಾ ಅವನ ಪಕ್ಕಡಿ ಮ್ಯಾಲ ಕೈ ಇಟ್ಟು ಒಂದೊಂದ ಕಲಿ ಸವರಿ ನೋಡಿದಳು.

ಕ್ಷಮಾ ಮಾಡ್ಯಾನೇನು ಅಂತ ನೀ ಕೇಳ್ತಿ. ಆ ಮಾತು ಅವ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕಾಗದ ಮಾತ್ರ ನನಗ ವಾಪಸ್ ಕೊಡಲಿಲ್ಲ. ಇದು ನಂದು ಅಂದ.

ನನಗ ನಿನ್ನ ಮ್ಯಾಲ ಭಾಳ ಸಿಟ್ಟು ಐತಿ. ಮುಂದಿನ ತಿಂಗಳು ಕೆಲಸ ಮುಗೀತೈತಿ, ಆದ್ರ ಸೀದಾ ಗೋಗಿಗೆ ಬರೂದಿಲ್ಲ, ಹೈದರಾಬಾದಿಗೆ ಹೋಗ್ತೀನಿ. ಅವ್ವಗ ಹೇಳು. ಸಿಟ್ಟು ಇಳದ ಮ್ಯಾಲ ನಾನ ಬರ್ತೀನಿ. ಯಾವಾಗ ಅಂತ ಕೇಳಬ್ಯಾಡ, ನನಗೂ ಗೊತ್ತಿಲ್ಲ.

ಗಡ್ಡ ತಗಿ ಅಪ್ಪಾ. ಅವ್ವಗ ನೋಡಾಕ ತ್ರಾಸ ಆಗತೈತಿ.

ಪಂಚಶೀಲಾ